ಐದು ನಿಮಿಷಕ್ಕೊಮ್ಮೆ ಒಡೆಯುತ್ತಿದ್ದ ದನಿ

"ನೀನು ಬಂದಿರೋದು ಆ ಬೀರುಗೆ. ನೋಡ್ತಾ ನಿಂತಿರೋದು ಈ ಕುರ್ಚಿನ. ಅಷ್ಟು ನಾಟಕ ಗೊತ್ತಿರೋನು ಕಾಲು ಯಾಕಯ್ಯಾ ಬೀರು ಕಡೆ ತಿರುಗಿಸ್ಕೊಂಡಿದೀಯ?"

ಅವರು ನನಗೆ ಆಡಿದ ಮೊದಲ ಮಾತು ಇದು. ತೊಂಬತ್ತರ ದಶಕದ ಮೊದಲ ವರ್ಷಗಳು. ಸಂತೆಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹರಾಜು ಮಳಿಗೆಯಿತ್ತು. ಹಳೇ ಬಂಗಲೆಗಳನ್ನು ಮಾರಿದವರು, ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರು, ವರ್ಗವಾಗಿ ಊರು ಬಿಟ್ಟ ಅಧಿಕಾರಿಗಳು, ಎಲ್ಲರ ಮನೆಯ ಸಾಮಾನೂ ಭಾನುವಾರ ಬೆಳಿಗ್ಗೆ ಅಲ್ಲಿಗೆ ಬರುತ್ತಿತ್ತು. ನನಗೆ ಆ ಮಾತು ಹೇಳಿದವರು ಅಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ನಿಂತು, ಕೈಯಲ್ಲಿ ಕೊಡತಿ ಹಿಡಿದು, ಹರಾಜು ಕೂಗುತ್ತಿದ್ದರು. ನಾನು ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು, ಹಿನಕಲ್‌ನಲ್ಲಿ ಒಂದು ರೂಮು ಹಿಡಿದು, ಹಳೇ ಮೇಜು ಕುರ್ಚಿ ಕೊಂಡು ಉಜ್ಜಿ ಪಾಲಿಶ್ ಹೊಡೆದು ಮಾರುತ್ತಿದ್ದೆ. ಆ ಬೀರು ಅವತ್ತು ನನಗೆ ಸಿಗಲಿಲ್ಲ. ಆದರೆ ಮುಖಕ್ಕಿಂತ ಕಾಲನ್ನು ನೋಡಬೇಕು ಎನ್ನುವುದು ಸಿಕ್ಕಿತು. ಇವತ್ತಿಗೂ ರಾಮಕೃಷ್ಣನಗರದ ನನ್ನ ಅಂಗಡಿಗೆ ಬಂದ ಗಿರಾಕಿ ಏನು ಮಾತಾಡುತ್ತಾನೆಂದು ನಾನು ಕೇಳಿಸಿಕೊಳ್ಳುವುದು ಕಡಿಮೆ, ಅವನ ಚಪ್ಪಲಿ ಎತ್ತ ತಿರುಗಿದೆ ಎಂದು ನೋಡುವುದು ಹೆಚ್ಚು. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಪುಕ್ಕಟೆ ಕೊಡುವ ಸಲಹೆ ಇದೊಂದೇ.

ಅವರ ಹೆಸರು ಬರೆಯುವುದಿಲ್ಲ. ಅವರೇ ಹೇಳಿದ್ದರು: "ಈ ಕಾಯಿಲೆ ಪಕ್ಕ ಒಂದ್ಸಲ ಹೆಸರು ಬಂದ್ರೆ ಜನ ಮನುಷ್ಯನ್ನ ಮರ್ತು ಕಾಯಿಲೆನ ನೆನಪಿಟ್ಕೊಳ್ತಾರೆ ಕಣಯ್ಯ." ಕಾಯಿಲೆ ಮೂರ್ಛೆ. ಹದಿನಾರನೇ ವಯಸ್ಸಿಗೇ ಅಂಟಿಕೊಂಡಿತ್ತಂತೆ.

ಕುಂಬಾರಕೊಪ್ಪಲಿನಲ್ಲಿ ಅವರ ಮನೆ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆಯಲ್ಲಿ ವಿಭೂತಿ, ಎದೆಯಲ್ಲಿ ಲಿಂಗದ ಕರಡಿಗೆ. ಮಳಿಗೆಯಲ್ಲಿ ನಾನು ನಮ್ಮೂರಿನ ರೂಢಿಯಂತೆ ಕೈಕಟ್ಟಿ "ಬುದ್ದೀ" ಅಂದೆ. ಅವರು ಕೊಡತಿಯಲ್ಲಿ ಮೇಜು ಕುಟ್ಟಿ, "ಏಯ್, ಇಲ್ಲಿ ನಾನು ಕೂಗೋನು, ನೀನು ಕೊಳ್ಳೋನು. ಬುದ್ದಿಗಿದ್ದಿ ಎಲ್ಲಾ ನಿಮ್ಮೂರ ಬಸ್ಸಲ್ಲೇ ಬಿಟ್ಟು ಬಾ. ಅಣ್ಣ ಅನ್ನು, ಸಾಕು" ಎಂದರು. ಅವತ್ತಿನಿಂದ ಅಣ್ಣ ಎಂದೆ. ಅವರ ಹೆಂಡತಿಯನ್ನು ಅಕ್ಕ ಎಂದೆ. ಆ ಮನೆಯ ಅಡುಗೆಮನೆ ಬಾಗಿಲಲ್ಲೇ ಕೂತು ಉಪ್ಪಿಟ್ಟು ತಿಂದೆ.

ಅವರ ದನಿಯನ್ನು ಹೇಗೆ ಹೇಳಲಿ? ಗಟ್ಟಿ ದನಿ ಸಂತೆಯಲ್ಲಿ ಎಷ್ಟೋ ಜನರಿಗಿರುತ್ತದೆ. ಇವರದು ಗಟ್ಟಿಯಲ್ಲ, ತುಂಬಿದ ದನಿ. "ಒಂದನೇ ಸಾರಿ" ಎಂದು ಎಳೆದರೆ ಓಣಿಯ ಕೊನೆಯಲ್ಲಿ ಟೀ ಕುಡಿಯುತ್ತಿದ್ದವನು ಲೋಟ ಇಟ್ಟು ಬರುತ್ತಿದ್ದ. "ಎರಡನೇ ಸಾರಿ" ಎಂದಾಗ ಕೊಳ್ಳುವವನ ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೆಯದಕ್ಕೆ ಮೊದಲು ಒಂದು ಚಟಾಕಿ ಹಾರಿಸುತ್ತಿದ್ದರು. ಒಂದು ಈಸಿ ಚೇರು ತೋರಿಸಿ, "ಈ ಕುರ್ಚಿಲಿ ಕೂತ ಮೂರು ಜನ ಅಮಲ್ದಾರರು ಕೂತಲ್ಲೇ ರಿಟೈರ್ ಆದ್ರು ಸ್ವಾಮಿ, ಒಬ್ರೂ ಎದ್ದಿಲ್ಲ!" ಎಂದಾಗ ನಕ್ಕವನೇ ಕೈ ಎತ್ತಿಬಿಟ್ಟಿದ್ದ. ನಲವತ್ತು ಜನರ ನಡುವೆ ಯಾರು ಎಷ್ಟಕ್ಕೆ ನಿಂತರು ಎಂಬುದನ್ನು ಕಾಗದವಿಲ್ಲದೆ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಆ ಪೆಟ್ಟಿಗೆಯ ಮೇಲೆ ನಿಂತಾಗ ಮಾತ್ರ ಅವರು ಇಡೀ ಮನುಷ್ಯರಾಗಿರುತ್ತಿದ್ದರು. ಕೆಳಗಿಳಿದರೆ ಹೆಂಡತಿ ಕೈಹಿಡಿದು ರಸ್ತೆ ದಾಟಿಸಬೇಕಾದ ರೋಗಿ.

ಮೂರ್ಛೆ ಬರುವ ಮುಂಚೆ ಅವರಿಗೆ ಹಾಲು ಸೀದ ವಾಸನೆ ಬರುತ್ತಿತ್ತು. ಕೂಗುತ್ತಾ ಕೂಗುತ್ತಾ ಮೂಗು ಎಳೆದು, "ಯಾರ್ರಪ್ಪಾ ಹಾಲು ಸೀಯ್ಸಿದ್ದು?" ಎಂದರೆ ನಾವು ನಾಲ್ಕು ಜನ ಓಡಿ ಅವರನ್ನು ಇಳಿಸಿ ಮಲಗಿಸುತ್ತಿದ್ದೆವು. ಆಮೇಲೆ ಶುರು ನಮ್ಮ ಜನರ ವೈದ್ಯ. ಕೈಗೆ ಕಬ್ಬಿಣ ಕೊಡಬೇಕಂತೆ! ಆ ಮಳಿಗೆಯಲ್ಲಿ ಕಬ್ಬಿಣಕ್ಕೇನು ಬರ? ಒಬ್ಬ ಬೀಗ ತುರುಕುವನು, ಇನ್ನೊಬ್ಬ ಸಲಾಕೆ. ಎಚ್ಚರವಾದಾಗ ಅವರು ಕೈಯಲ್ಲಿದ್ದ ತುಕ್ಕು ಬೀಗ ನೋಡಿ, "ಇದು ಯಾರ ಮಾಲು? ಇದನ್ನೂ ಕೂಗ್ಬುಡ್ಲಾ?" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಓದುವವರಿಗೆ ಒಂದು ಮಾತು: ಕಬ್ಬಿಣ ಬೇಡ, ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಇದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು.

ವರ್ಷ ಕಳೆದಂತೆ ಮೂರ್ಛೆ ಹೆಚ್ಚಿತು, ಮಾತ್ರೆಯೂ ಹೆಚ್ಚಿತು. ಮಾತ್ರೆ ಹೆಚ್ಚಿದಂತೆ ಆ ತಲೆ ಮಂಕಾಗತೊಡಗಿತು. ಎಂಟುನೂರೈವತ್ತಕ್ಕೆ ನಿಂತ ಮೇಜನ್ನು ಒಂದು ದಿನ ಎಂಟುನೂರಕ್ಕೆ ಕೂಗಿದರು. ಹಿಂದಿನಿಂದ ಯಾರೋ, "ಅಣ್ಣ ಇಳಿಸ್ತಾ ಅವ್ರೆ, ಇನ್ನು ಸ್ವಲ್ಪ ಹೊತ್ತು ಕಾಯ್ರೋ!" ಅಂದ. ಮಳಿಗೆ ಗೊಳ್ಳೆಂದು ನಕ್ಕಿತು. ಅವರು ನಗಲಿಲ್ಲ. ಆಮೇಲೆ ಅಕ್ಕನಿಂದ ನನಗೆ ಗೊತ್ತಾಯಿತು: ಭಾನುವಾರ ತಲೆ ಚುರುಕಾಗಿರಲಿ ಎಂದು ಅವರು ಶನಿವಾರ ಮಾತ್ರೆ ನುಂಗುತ್ತಿರಲಿಲ್ಲ. ಅದಕ್ಕೇ ಭಾನುವಾರವೇ ಹೆಚ್ಚು ಬೀಳುತ್ತಿದ್ದರು.

"ಮಾತ್ರೆ ತಗೊಂಡ್ರೆ ಕೂಗಕ್ಕಾಗಲ್ಲ, ಬಿಟ್ರೆ ನಿಲ್ಲಕ್ಕಾಗಲ್ಲ. ಏನ್ ಮಾಡ್ಲಿ ಹೇಳು, ನೀನು ದೊಡ್ಡ ಚೌಕಾಸಿದಾರ" ಎಂದರು ನನಗೆ.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೊಸ ಸಹಸ್ರಮಾನದ ಮೊದಲ ವರ್ಷಗಳು ಅವು. ಎದೆಯ ಎಡಗಡೆ, ಕತ್ತಿನ ಮೂಳೆಯ ಕೆಳಗೆ, ಚರ್ಮದೊಳಗೆ ಒಂದು ಪುಟ್ಟ ಮಶೀನು ಇಡುವುದು. ಅದರಿಂದ ಕತ್ತಿನಲ್ಲಿರುವ ಒಂದು ನರಕ್ಕೆ ತಂತಿ. ಮಶೀನು ಐದು ನಿಮಿಷ ಸುಮ್ಮನಿದ್ದು, ಅರ್ಧ ನಿಮಿಷ ಸಣ್ಣ ಕರೆಂಟು ಬಿಡುತ್ತದೆ. ನರದ ಮೂಲಕ ಅದು ಮಿದುಳಿಗೆ ಮುಟ್ಟಿ ಮೂರ್ಛೆಯನ್ನು ತಡೆಯುತ್ತದೆ. ಬಡ ರೋಗಿಗಳಿಗೆ ದಾನವಾಗಿ ಬಂದ ಒಂದು ಮಶೀನು ಇವರ ಪಾಲಿಗೆ ಬಂತು.

ನಾನು ಸುಮ್ಮನಿರುವವನಲ್ಲವಲ್ಲ. "ಸಾರ್, ಮಶೀನು ಹಾಕಿದ ಮೇಲೆ ಮಾತ್ರೆ ಯಾಕೆ? ಎರಡರಲ್ಲಿ ಒಂದು ಬಿಡಿಸಿ" ಎಂದು ಡಾಕ್ಟರ ಜೊತೆಗೇ ಚೌಕಾಸಿಗೆ ನಿಂತೆ.

ವಯಸ್ಸಾದ ಡಾಕ್ಟರು ನಕ್ಕರು. "ಮಾತ್ರೆ ಇಡೀ ಮನೆಗೆ ಬೀಗ ಹಾಕುತ್ತೆ. ಬೀಗ ಜಾಸ್ತಿ ಬಿಗಿ ಮಾಡಿದ್ರೆ ಮನೆಯವರೇ ಓಡಾಡಕ್ಕಾಗಲ್ಲ. ಅದೇ ಇವರ ಮಂಕು. ಮಶೀನು ಬಾಗಿಲಲ್ಲಿ ಕಾವಲಿಗೆ ನಿಲ್ಲುತ್ತೆ. ಕಾವಲಿದ್ದಾಗ ಬೀಗ ಸ್ವಲ್ಪ ಸಡಿಲ ಮಾಡಬಹುದು, ತೆಗೆಯೋ ಹಾಗಿಲ್ಲ. ಎರಡೂ ಜೊತೆಗಿರಬೇಕು."

ಆಪರೇಷನ್ನಿಗೆ ಕರಡಿಗೆ ತೆಗೆಯಿರಿ ಎಂದಾಗ ಅವರು ಒಪ್ಪಲಿಲ್ಲ. ಲಿಂಗ ಮೈಬಿಟ್ಟು ಇರುವ ಹಾಗಿಲ್ಲ. ಕೊನೆಗೆ ನರ್ಸಮ್ಮ ಅದನ್ನು ಬಲಗೈಗೆ ಕಟ್ಟಿ ಒಳಗೆ ಕರೆದೊಯ್ದರು.

ಊರಿಗೆ ಹೊರಡುವಾಗ ಡಾಕ್ಟರು ಒಂದು ಆಯಸ್ಕಾಂತ ಕೊಟ್ಟರು. ಮಣಿಕಟ್ಟಿಗೆ ಕಟ್ಟಲು ಪಟ್ಟಿ ಇತ್ತು. ಸೀದ ವಾಸನೆ ಬಂದ ಕೂಡಲೇ ಮಶೀನಿನ ಮೇಲೆ ಅದನ್ನು ಒಂದು ಸಲ ಸವರಿ ತೆಗೆದರೆ, ಮಶೀನು ಕೂಡಲೇ ಕರೆಂಟು ಬಿಟ್ಟು ಮೂರ್ಛೆಯನ್ನು ಅಡ್ಡಗಟ್ಟುತ್ತದೆ. "ಸವರಿ ತಕ್ಷಣ ತೆಗೀಬೇಕು. ಅಲ್ಲೇ ಇಟ್ಟುಬಿಟ್ರೆ..." ಎಂದು ಅವರು ಹೇಳುತ್ತಿದ್ದರು. ನಮಗೆ ರೈಲಿಗೆ ಹೊತ್ತಾಗುತ್ತಿತ್ತು. "ಗೊತ್ತಾಯ್ತು ಸಾರ್, ಎಲ್ಲೂ ಇಟ್ಟು ಮರೆಯಲ್ಲ, ಜೋಪಾನ ಮಾಡ್ತೀವಿ" ಎಂದು ನಾನೇ ಮಾತು ಮುಗಿಸಿ ಎದ್ದೆ. ಜೊತೆಗೆ ಕೊಟ್ಟ ಇಂಗ್ಲಿಷ್ ಪುಸ್ತಿಕೆ ಪ್ಲಾಸ್ಟಿಕ್ ಕವರಿನಲ್ಲೇ ಉಳಿಯಿತು.

ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಹೋಗಿ ಕರೆಂಟು ಹೆಚ್ಚಿಸಿಕೊಂಡು ಬಂದೆವು. ಅಷ್ಟರಲ್ಲಿ ಮೂರ್ಛೆ ಎಷ್ಟೋ ಇಳಿಯಿತು. ಒಂದು ಮಾತ್ರೆ ಅರ್ಧವಾಯಿತು. ಮಂಕು ಬಿಟ್ಟಿತು. ನಲವತ್ತು ಜನರ ಲೆಕ್ಕ ಮತ್ತೆ ತಲೆಯಲ್ಲಿ ನಿಂತಿತು. ಆದರೆ ಐದು ನಿಮಿಷಕ್ಕೊಮ್ಮೆ, ಕರೆಂಟು ಬಂದ ಅರ್ಧ ನಿಮಿಷ, ದನಿ ಒಡೆಯುತ್ತಿತ್ತು. ಮಳೆಯಲ್ಲಿ ನೆನೆದ ತಮಟೆಯಂತೆ ಬಡಿದರೂ ಏಳದ ದನಿ. "ಎರಡನೇ ಸಾ..." ಎಂದು ಎಳೆಯುವಾಗಲೇ ಕುಸಿಯುತ್ತಿತ್ತು. ದಲ್ಲಾಳಿಗಳು ಅಣಕಿಸಿದರು. ಅವರು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂರತೊಡಗಿದರು.

"ತಲೆ ಕೊಟ್ಟು ಗಂಟಲು ಕಿತ್ಕೊಂಡ್ನಲ್ಲಯ್ಯ ಶಿವ" ಎಂದರು ಒಂದು ದಿನ. ನನಗೆ ತಡೆಯಲಾಗಲಿಲ್ಲ.

ಅದರ ಜೊತೆಗೆ ಆಯಸ್ಕಾಂತದ ಗೋಳು ಬೇರೆ. ಮಳಿಗೆ ತುಂಬ ಕಬ್ಬಿಣ. ಟ್ರಂಕು ತೋರಿಸಲು ಕೈ ಚಾಚಿದರೆ ಮಣಿಕಟ್ಟು ಟಪ್ಪೆಂದು ಟ್ರಂಕಿಗೆ ಅಂಟಿಕೊಳ್ಳುತ್ತಿತ್ತು. ಹರಾಜಿಗೆ ಬಂದ ಕೈಗಡಿಯಾರಗಳು ಕೆಟ್ಟು ನಿಂತವು. ಮೊಳೆ, ಸ್ಕ್ರೂ ಎಲ್ಲ ಮೆತ್ತಿಕೊಂಡು ಅವರ ಕೈ ಮುಳ್ಳುಹಂದಿಯಾಗುತ್ತಿತ್ತು. "ಅಣ್ಣ ಮಾಲು ಕದೀತವ್ನೆ" ಎಂಬ ತಮಾಷೆ ಬೇರೆ.

ಅದಕ್ಕೆ ನಾನು ಉಪಾಯ ಹೇಳಿದೆ. ನನ್ನ ಕಸುಬಿನಲ್ಲಿ ಒಂದು ನಿಯಮವಿದೆ, ಹತಾರವನ್ನು ಕೆಲಸದ ಪಕ್ಕದಲ್ಲೇ ಇಡಬೇಕು. "ಅಣ್ಣಾ, ನೀವು ಜೀವ ಹೋದ್ರೂ ಬಿಡದೆ ಇರೋದು ಕರಡಿಗೆ ಕಟ್ಟಿರೋ ಶಿವದಾರ. ಅದು ಹಾದು ಹೋಗೋದೂ ಮಶೀನಿನ ಮೇಲೇ. ಅದಕ್ಕೇ ಒಂದು ಚೀಲ ಮಾಡಿ ಕಟ್ಬುಡೋಣ. ವಾಸನೆ ಬಂದ ತಕ್ಷಣ ಅಮುಕ್ಕೊಂಡ್ರೆ ಆಯ್ತು. ಕಳ್ಕೊಳ್ಳೋ ಮಾತೇ ಇಲ್ಲ."

ಅಕ್ಕ ಒಂದು ಪುಟ್ಟ ಚೀಲ ಹೊಲಿದರು. ಗಂಟು ಬಿಗಿಯಾಗಿರಬೇಕು, ಜಾರಬಾರದು. ಮೇಜು ಕುರ್ಚಿ ಬಿಗಿದು ಬಿಗಿದು ನನ್ನ ಕೈ ಗಂಟಿಗೆ ಪಳಗಿತ್ತು. "ನೀನೇ ಹಾಕು" ಎಂದು ಅವರು ಅಂಗಿ ಬಿಚ್ಚಿ ಕೂತರು. ನಾನು ಹಿಂಜರಿದೆ. ನಮ್ಮಂಥವರ ಕೈ ಆ ದಾರದ ಹತ್ತಿರ ಹೋಗುವುದನ್ನು ನಮ್ಮೂರಿನಲ್ಲಿ ನಾನು ಕಂಡಿರಲಿಲ್ಲ. "ಏನಯ್ಯಾ, ಯಾಕೆ ಹಿಂದೆ ಸರೀತೀಯ? ಶಿವದಾರ ಕಣೋ, ಹಾವಲ್ಲ" ಎಂದರು. ಕಟ್ಟಿದೆ. ಚೀಲ ಬನಿಯನ್ನಿನೊಳಗೆ ಮಶೀನಿನ ಮೇಲೆ ಒತ್ತಿಕೊಂಡು ಕೂತಿತು.

ಮುಂದಿನ ಭಾನುವಾರ ಪವಾಡವೇ ನಡೆಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ದನಿ ಒಂದು ಸಲವೂ ಒಡೆಯಲಿಲ್ಲ! "ಮೂರನೇ ಸಾರಿ" ಎಂದು ಕೊಡತಿ ಹೊಡೆದಾಗ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದವು. ಅಣಕಿಸಿದ್ದ ದಲ್ಲಾಳಿಯೇ ಚಪ್ಪಾಳೆ ತಟ್ಟಿದ. ಶಿವ ಒಲಿದ ಎಂದರು ಅಕ್ಕ. ಮೈ ಮಶೀನಿಗೆ ಒಗ್ಗಿಕೊಂಡಿತು ಎಂದೆ ನಾನು. ಐದಾರು ವಾರ ಆ ಹಳೇ ದನಿಯನ್ನು ಕೇಳಿದೆವು. ಅಷ್ಟು ಸಂತೋಷವಾಗಿ ಅವರು ಇದ್ದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ವ್ಯಾಪಾರದಲ್ಲಿ ಒಳ್ಳೇ ಮಾಲು ಸುಲಭಕ್ಕೆ ಸಿಕ್ಕರೆ ಮೊದಲು ಅದರ ತಳ ತಿರುಗಿಸಿ ನೋಡುತ್ತೇನೆ, ಎಲ್ಲಿ ಹುಳು ಬಿದ್ದಿದೆ ಎಂದು. ಆ ದನಿ ಅಷ್ಟು ಸುಲಭಕ್ಕೆ ವಾಪಸು ಬಂದಾಗ ನಾನು ತಿರುಗಿಸಿ ನೋಡಲಿಲ್ಲ.

ಏಳನೇ ವಾರ. ಒಂದು ಬೀಟೆ ಮಂಚ ಕೂಗುತ್ತಿದ್ದವರು ನಿಲ್ಲಿಸಿ ಮೂಗು ಎಳೆದರು. ಕೈ ಎದೆಗೆ ಹೋಯಿತು, ಚೀಲವನ್ನು ಅಮುಕಿದರು. ಅಮುಕಿಕೊಂಡೇ ಬಿದ್ದರು. ಒಂದು ಮೂರ್ಛೆ ನಿಲ್ಲುವ ಮುಂಚೆ ಇನ್ನೊಂದು. ನನ್ನ ಲಗೇಜು ಆಟೋದಲ್ಲೇ ಅವರನ್ನು ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆವು. ಎರಡು ದಿನ ಅವರಿಗೆ ನಮ್ಮ ಗುರುತು ಸಿಗಲಿಲ್ಲ. ಸ್ವಲ್ಪ ಸುಧಾರಿಸಿದ ಮೇಲೆ ಬೆಂಗಳೂರಿಗೆ ಕರೆದೊಯ್ದೆವು.

ಡಾಕ್ಟರು ಅಂಗಿ ಬಿಚ್ಚಿಸಿದರು. ಚೀಲ ಮುಟ್ಟಿ ನೋಡಿದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

"ಇದು ಎಷ್ಟು ದಿನದಿಂದ ಇಲ್ಲಿದೆ?"

"ಒಂದೂವರೆ ತಿಂಗಳಾಯ್ತು ಸಾರ್. ಸ್ನಾನಕ್ಕೂ ತೆಗೆಯಲ್ಲ ಅವರು" ಎಂದೆ, ಹೆಮ್ಮೆಯಿಂದಲೇ.

ಡಾಕ್ಟರು ಚೀಲವನ್ನು ಬಿಚ್ಚಿ ದೂರದ ಮೇಜಿನ ಮೇಲಿಟ್ಟು, "ಒಂದು, ಎರಡು ಅಂತ ಎಣಿಸ್ತಾ ಹೋಗಿ" ಎಂದರು. ಅಣ್ಣ ಎಣಿಸಿದರು. ತುಂಬಿದ ದನಿ. ಎಣಿಸುತ್ತಾ ಎಣಿಸುತ್ತಾ, ಒಂದು ಸಂಖ್ಯೆಯ ನಡುವೆ, ಆ ದನಿ ನೆನೆದ ತಮಟೆಯಾಯಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಯಸ್ಕಾಂತವನ್ನು ಸವರಿ ತೆಗೆದರೆ ಮಶೀನು ಎಚ್ಚರಗೊಳ್ಳುತ್ತದೆ. ಅಲ್ಲೇ ಇಟ್ಟರೆ, ಇಟ್ಟಷ್ಟು ಹೊತ್ತೂ ನಿಂತುಹೋಗುತ್ತದೆ. ಡಾಕ್ಟರು ಅವತ್ತು ಹೇಳಹೊರಟದ್ದು ಇದನ್ನೇ. ಒಂದೂವರೆ ತಿಂಗಳು ಕಾವಲುಗಾರನಿಲ್ಲ, ಬೀಗವೂ ಸಡಿಲ. ನಾವು ಚಪ್ಪಾಳೆ ತಟ್ಟಿದ್ದು ಮಶೀನು ಸತ್ತದ್ದಕ್ಕೆ.

"ನೀನು ಬಾಯ್ ಮುಚ್ಕೊಂಡಿದ್ರೆ ಅವ್ರು ಹೇಳಿ ಮುಗಿಸ್ತಿದ್ರು ಕಣೋ" ಎಂದರು ಅಕ್ಕ. ಬೈಯಲಿಲ್ಲ, ಹೇಳಿದರು ಅಷ್ಟೇ. ಈಗ ನಾನು ಯಾವ ಡಾಕ್ಟರ ಮುಂದೆ ಕೂತರೂ ಅವರು ಪೆನ್ನು ಕೆಳಗಿಡುವವರೆಗೆ ಬಾಯಿ ಬಿಡುವುದಿಲ್ಲ. ನೀವೂ ಬಿಡಬೇಡಿ. ರೈಲು ಇನ್ನೊಂದಿದೆ.

ಮನೆಗೆ ಬಂದ ಮೇಲೆ ಅಕ್ಕನ ತಮ್ಮ ನೋಡಲು ಬಂದಿದ್ದರು. ನಾನು ಹಜಾರದಲ್ಲಿದ್ದೆ. ನನಗೆ ಕೇಳಲಿ ಎಂದೇ ಒಳಗಿಂದ ಹೇಳಿದರು: "ಕಂಡೋರ ಕೈಗೆಲ್ಲಾ ಶಿವದಾರ ಕೊಟ್ರೆ ಇನ್ನೇನಾಗುತ್ತೆ ಭಾವಾ? ಎಲ್ಲದಕ್ಕೂ ಒಂದು ರೀತಿ ನೀತಿ ಇಲ್ವಾ?"

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಆ ಮನೆಗೆ ಅದೇ ಕೊನೆ ಎಂದುಕೊಂಡಿದ್ದೆ. ಒಳಗಿಂದ ದನಿ ಬಂತು. ಅದೂ ಒಡೆದ ಅರ್ಧ ನಿಮಿಷ.

"ಗಂಟು ಸರಿಯಾಗೇ ಹಾಕಿದ್ದ ಕಣಯ್ಯ ಅವನು. ಒಂದೂವರೆ ತಿಂಗಳು ಒಂದು ಎಳೆ ಜಾರಿಲ್ಲ. ಜಾಗ ತಪ್ಪಿತ್ತು, ಕೈ ತಪ್ಪಿರಲಿಲ್ಲ." ಆಮೇಲೆ ನನ್ನ ಹೆಸರು ಕೂಗಿದರು. "ಬಾರೋ ಒಳಗೆ. ಈ ಸಲ ಉಡಿದಾರಕ್ಕೆ ಕಟ್ಟು. ಮಶೀನಿಗೆ ಒಂದು ಮೊಳ ದೂರ ಇರ್ಲಿ. ಇವ್ರೂ ನೋಡ್ಲಿ, ಗಂಟು ಅಂದ್ರೆ ಹೆಂಗಿರುತ್ತೆ ಅಂತ."

ಬಾಮೈದನ ಎದುರೇ ಅವರ ಸೊಂಟದ ದಾರಕ್ಕೆ ಗಂಟು ಹಾಕಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು.

ಮತ್ತೆ ಪೆಟ್ಟಿಗೆ ಹತ್ತುತ್ತಾರೋ ಇಲ್ಲವೋ ಎಂಬುದೇ ನಮ್ಮೆಲ್ಲರ ಪ್ರಶ್ನೆಯಾಗಿತ್ತು. ಡಾಕ್ಟರು ಒಂದು ದಾರಿ ಹೇಳಿದ್ದರು: ತೀರಾ ಅಗತ್ಯವಿದ್ದರೆ ಕೆಲವು ನಿಮಿಷ ಮಾತ್ರ ಆಯಸ್ಕಾಂತ ಇಟ್ಟು ಮಾತಾಡಿ, ತೆಗೆದುಬಿಡಿ. ನಾನು ಕೂಡಲೇ, "ಒಳ್ಳೇ ಮಾಲು ಬಂದಾಗ ಮಾತ್ರ ಇಟ್ಕೊಳ್ಳಿ ಅಣ್ಣಾ" ಎಂದೆ. ಸಲಹೆ ಕೊಡುವ ಚಟ ಎಲ್ಲಿ ಹೋಗುತ್ತದೆ?

"ಇವತ್ತು ಐದು ನಿಮಿಷ ಅಂತ ಇಡ್ತೀನಿ. ನಾಳೆ ನನ್ನ ದನಿ ನಂಗೇ ಇಷ್ಟ ಆಗಿ ತೆಗೆಯಕ್ಕೆ ಮನ್ಸು ಬರಲ್ಲ. ಬೇಡ ಕಣಯ್ಯ" ಎಂದರು.

ಎರಡು ತಿಂಗಳ ನಂತರ ಹತ್ತಿದರು. ಮೊದಲ ಮಾಲಿಗೇ, "ಎರಡನೇ" ಎನ್ನುವಷ್ಟರಲ್ಲಿ ದನಿ ಹೋಯಿತು. ಯಾರೋ ಕಿಸಕ್ಕೆಂದರು. ಅವರು ಕೊಡತಿಯನ್ನು ಮೇಲೆತ್ತಿ ಹಿಡಿದು, ಸುಮ್ಮನೆ ನಿಂತರು. ಅರ್ಧ ನಿಮಿಷ. ಹರಾಜಿನಲ್ಲಿ ಅರ್ಧ ನಿಮಿಷ ಎಂದರೆ ಏನೆಂದು ನಿಂತವರಿಗೆ ಮಾತ್ರ ಗೊತ್ತು. ಜನ ಅವರನ್ನು ನೋಡಿದರು, ಮಾಲನ್ನು ನೋಡಿದರು, ತಮ್ಮ ಮನಸ್ಸನ್ನು ನೋಡಿಕೊಂಡರು. ಸೋತು ಹಿಂದೆ ಸರಿದಿದ್ದ ಒಬ್ಬನ ಕಾಲು ಮುಂದಕ್ಕೆ ಬಂತು, ಕೈ ಎದ್ದಿತು. ದನಿ ವಾಪಸು ಬಂದಾಗ ಅವರು ಮೊದಲು ಹೇಳಿದ್ದು, "ನೋಡಿದ್ರಾ, ಸುಮ್ನಿದ್ರೂ ನಾನೇ ಕೂಗೋದು!"

ಮೂರ್ಛೆ ಪೂರ್ತಿ ಹೋಗಲಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತಿತ್ತು. ಮಾತ್ರೆ ಹೊತ್ತು ಹೊತ್ತಿಗೆ ನುಂಗಿದರು, ಶನಿವಾರವೂ ನುಂಗಿದರು. ಮಳಿಗೆ ಮುಚ್ಚಿ ಅಲ್ಲಿ ಬಟ್ಟೆ ಅಂಗಡಿ ಏಳುವವರೆಗೆ, ಇನ್ನೂ ಮೂರು ವರ್ಷ ಆ ಪೆಟ್ಟಿಗೆ ಅವರದೇ.

ಎಷ್ಟೋ ಜನ ಅವರ ಆ ತುಂಬಿದ ದನಿಯನ್ನು ಈಗಲೂ ನೆನೆಯುತ್ತಾರೆ. ನನಗೆ ನೆನಪಾಗುವುದು, ಬೇಕೆನಿಸುವುದು, ಒಡೆದದ್ದೇ. ಅದು ಒಡೆಯುತ್ತಿದೆ ಎಂದರೆ ಅವರು ಬದುಕಿದ್ದಾರೆ ಎಂದರ್ಥವಾಗಿತ್ತು. ಫೋನಿನಲ್ಲಿ ಮಾತಾಡುವಾಗ ಅದು ಬರುವವರೆಗೆ ನಾನು ಏನೋ ಒಂದು ಮಾತು ತೆಗೆದು ಎಳೆಯುತ್ತಿದ್ದೆ. ಅವರಿಗೂ ಗೊತ್ತಿತ್ತು. "ಬಂತಲ್ಲ, ಈಗ ಇಡು ಫೋನು" ಎನ್ನುತ್ತಿದ್ದರು.

ಅವರು ಹೋದದ್ದು ಮೂರ್ಛೆಯಿಂದಲ್ಲ, ನ್ಯುಮೋನಿಯಾದಿಂದ. ಅವರ ಪದ್ಧತಿಯಂತೆ ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ಮಣ್ಣು ಮಾಡಿದರು. ಸುಡುವವರಾದರೆ ಮಶೀನು ತೆಗೆಸಬೇಕಿತ್ತಂತೆ. ಹೂಳುವುದಾದ್ದರಿಂದ ಯಾರೂ ತೆಗೆಸಲಿಲ್ಲ. ಮೂರನೇ ದಿನ ನನಗೆ ಅದು ಹೊಳೆದು ಬೆಂಗಳೂರಿಗೆ ಫೋನು ಮಾಡಿದೆ.

"ಸಾರ್, ಅದು ತಾನೇ ನಿಲ್ಲುತ್ತಾ?"

ಡಾಕ್ಟರು ಹಳೇ ಫೈಲು ತರಿಸಿ ನೋಡಿದರು. ನಾನು ಬಾಯಿ ಹಾಕದೆ ಕಾದೆ. "ಇಲ್ಲಪ್ಪ" ಎಂದರು, "ಅದಕ್ಕೆ ಗೊತ್ತಾಗಲ್ಲ. ಬ್ಯಾಟರಿ ಇರೋವರೆಗೂ ನಡೀತಾ ಇರುತ್ತೆ. ಇನ್ನೊಂದು ಎರಡು ವರ್ಷ ಬರಬಹುದು."

ಎರಡು ವರ್ಷ ಆ ರುದ್ರಭೂಮಿಯ ಮುಂದೆ ಹಾದಾಗಲೆಲ್ಲ ಸ್ಕೂಟರು ನಿಲ್ಲಿಸಿ ಐದು ನಿಮಿಷ ಕಳೆದು ಮುಂದೆ ಹೋಗುತ್ತಿದ್ದೆ. ಅಷ್ಟರೊಳಗೆ ಮಣ್ಣಿನೊಳಗೆ ಒಂದು ಸಲ ಕರೆಂಟು ಬಂದೇ ಬಂದಿರುತ್ತದೆ ಎಂಬ ಲೆಕ್ಕ. ಹೋದ ತಿಂಗಳಿಗೆ ಡಾಕ್ಟರು ಹೇಳಿದ ಅವಧಿ ಮುಗಿಯಿತು. ನಿನ್ನೆ ಆ ದಾರಿಯಲ್ಲಿ ಹೋದೆ, ನಿಲ್ಲಿಸಿದೆ. ಐದು ನಿಮಿಷವಾಯಿತು, ಹತ್ತಾಯಿತು. ಎಷ್ಟು ಹೊತ್ತಿಗೆ ಹೊರಡಬೇಕೆಂದು ತಿಳಿಯಲಿಲ್ಲ.